ಅಣ್ಣನ ಪ್ಯಾಂಟಿನ ಸೊಂಟ

ನಮ್ಮಣ್ಣ ದರ್ಜಿ. ಇಪ್ಪತ್ತೆರಡು ವರ್ಷದಲ್ಲಿ ಅವನ ಪ್ಯಾಂಟು ಒಂದು ದಿನವೂ ಬಿಗಿಯಾಗಲಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ಬೇರೆ ಗಂಡಸರಿಗೆ ಮೈ ಬಂದರೆ ಪ್ಯಾಂಟಿನ ಗುಂಡಿಯೇ ಹೇಳುತ್ತದೆ. ಉಸಿರು ಬಿಗಿಹಿಡಿದು ಗುಂಡಿ ಹಾಕುವಾಗಲಾದರೂ ಒಂದಿಷ್ಟು ನಾಚಿಕೆಯಾಗುತ್ತದೆ. ಅಣ್ಣನಿಗೆ ಆ ಪುಣ್ಯವೂ ಇರಲಿಲ್ಲ. ಅವನು ಹೊಲಿಯುವ ಪ್ರತಿ ಪ್ಯಾಂಟಿನ ಹಿಂದಿನ ಹೊಲಿಗೆಯೊಳಗೆ ಎರಡು ಇಂಚು ಬಟ್ಟೆ ಮಡಚಿ ಬಿಡುತ್ತಾನೆ, ಗಿರಾಕಿ ದಪ್ಪಗಾದರೆ ಬಿಚ್ಚಿ ಕೊಡಲಿಕ್ಕೆ. ತನ್ನದಕ್ಕೆ ಮೂರು ಇಂಚು. ಸೊಂಟ ಚೂರು ಕಚ್ಚಿತೋ, ಪ್ಯಾಂಟನ್ನು ನನ್ನ ಮೇಜಿನ ಮೇಲೆ ಎಸೆದು "ಅರ್ಧ ಇಂಚು ಬಿಡೇ" ಅನ್ನುತ್ತಿದ್ದ. ನಾನು ಬಿಡುತ್ತಿದ್ದೆ. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವುದು, ಅಂಚು ಮಡಚುವುದು, ಬಿಚ್ಚುವುದು ನನ್ನ ಪಾಲಿನ ಕೆಲಸ. ಮಡಚಿಟ್ಟ ಬಟ್ಟೆ ಮುಗಿದರೆ ಹೊಸ ಪ್ಯಾಂಟು ಕತ್ತರಿಸುತ್ತಿದ್ದ, ಮತ್ತೆ ಮೂರು ಇಂಚು ಒಳಗಿಟ್ಟು. ಊರವರ ಸೊಂಟವೆಲ್ಲ ನಮ್ಮ ಅಳತೆ ಪುಸ್ತಕದಲ್ಲಿದೆ, ಅವನದೊಂದು ಬಿಟ್ಟು.

ಹೋದ ವರ್ಷ ಅವನಿಗೆ ಬಾಯಾರಿಕೆ ಶುರುವಾಯಿತು. ಒಂದು ಕಾಲರ್ ಮುಗಿಯುವುದರೊಳಗೆ ಮೂರು ಸಲ ನೀರು, ಎರಡು ಸಲ ಬಚ್ಚಲು. ಸೂಜಿಗೆ ದಾರ ಪೋಣಿಸಲಾಗದೆ ಬಲ್ಬನ್ನು ಬೈದ. ಬಲ್ಬು ಬದಲಿಸಿ ದಾರವನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ನಾನೇ ಅಂಗಡಿ ಬಾಗಿಲು ಹಾಕಿ, ಅವನನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

ರಕ್ತದ ವರದಿ ನೋಡಿ ಆಕೆ ನಿಧಾನವಾಗಿ ಹೇಳಿದರು. "ಹೊಟ್ಟೆಯೊಳಗೆ ಮೇದೋಜ್ಜೀರಕ ಅಂತ ಒಂದು ಗ್ರಂಥಿ ಇದೆ. ಇನ್ಸುಲಿನ್ ಮಾಡೋ ಜೀವಕೋಶಗಳು ಇರೋದು ಅಲ್ಲಿ. ಬೊಜ್ಜು ಬಂದ ಹಾಗೆಲ್ಲ ಮೈ ಇನ್ಸುಲಿನ್ ಮಾತು ಕೇಳಲ್ಲ. ಆಗ ಆ ಜೀವಕೋಶಗಳು ಎರಡು ಪಟ್ಟು, ಮೂರು ಪಟ್ಟು ದುಡಿದು ಸಕ್ಕರೇನ ಹಿಡಿದಿಡ್ತವೆ."

"ಹಾಗಾದ್ರೆ ಇಷ್ಟು ವರ್ಷ ನಾನು ಚೆನ್ನಾಗೇ ಇದ್ದೆ ತಾನೇ?" ಅಣ್ಣ ಗೆದ್ದವನ ಹಾಗೆ ಕೇಳಿದ.

"ನೀವು ಚೆನ್ನಾಗಿದ್ರಿ. ಅವು ಸೋಲ್ತಾ ಇದ್ವು. ವರ್ಷಗಟ್ಟಲೆ ಹಾಗೆ ದುಡಿದು, ಮೇಲೆ ಕೊಬ್ಬು ಬೇರೆ ಸೇರ್ಕೊಂಡು, ಕೆಲವು ಸತ್ತೇ ಹೋಗಿರ್ತವೆ. ಅವು ವಾಪಸ್ ಬರಲ್ಲ. ಕೆಲವು ಸುಸ್ತಾಗಿ ಕೆಲಸ ಬಿಟ್ಟು ಕೂತಿರ್ತವೆ. ಹದಿನೈದು ಕೆಜಿ ಇಳಿಸಿದ್ರೆ ಅವು ಮತ್ತೆ ಕೆಲಸ ಹಿಡೀಬಹುದು. ಈಗ ಮಾತ್ರೆ ಕೊಡ್ತೀನಿ, ಆರು ತಿಂಗಳು ನೋಡೋಣ. ಆಗಲಿಲ್ಲ ಅಂದ್ರೆ ಇನ್ಸುಲಿನ್ ಚುಚ್ಚಿಕೊಳ್ಳೋದೇ."

ಅಣ್ಣ ತಲೆಯಾಡಿಸಿದ. ತಲೆಯಾಡಿಸುವುದಕ್ಕೇನು, ಖರ್ಚಿಲ್ಲದ ಕೆಲಸ.

ಬೆಳಗಿನ ನಡಿಗೆ ಅಂತ ಹೊರಟು ಮೂಲೆಯ ಕ್ಷೌರದಂಗಡಿಯಲ್ಲಿ ಕೂತು ಹರಟೆ ಹೊಡೆದು ಬರುತ್ತಿದ್ದ. ಮನೆಯಲ್ಲಿ ಅತ್ತಿಗೆಯ ಮುಂದೆ ನಾಲ್ಕು ತುತ್ತು ತಿಂದು ಏಳುತ್ತಿದ್ದ. ಅಂಗಡಿಯಲ್ಲಿ ನೂಲಿನ ಉಂಡೆಗಳ ಡಬ್ಬಿ ತೆರೆದರೆ ತಳದಲ್ಲಿ ಬನ್ನು. ನಾನು ಬೈದೆ, ಬೇಡಿಕೊಂಡೆ, ಎರಡು ದಿನ ಮಾತು ಬಿಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ಅತ್ತಿಗೆ ಅಂಗಡಿಯಲ್ಲಿದ್ದರು. ಅಣ್ಣ ಸೊಂಟದೊಳಗೆ ಮುಷ್ಟಿ ತೂರಿಸಿ ತೋರಿಸುತ್ತಿದ್ದ. "ನೋಡು, ಪ್ಯಾಂಟು ಜಾರ್ತಾ ಇದೆ!" ಅತ್ತಿಗೆಯ ಕಣ್ಣಲ್ಲಿ ನೀರು. ನಾನು ಹಿಂದಿನಿಂದ ಹೋಗಿ ಸೊಂಟಪಟ್ಟಿ ಹೊರಳಿಸಿ ನೋಡಿದೆ. ಮಡಚಿಟ್ಟ ಬಟ್ಟೆ ಬಿಚ್ಚಿ ಹಾಕಿದ ಹೊಸ ಹೊಲಿಗೆ. ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ.

"ಯಾರಿಗಣ್ಣಾ ಈ ಮೋಸ? ಹೊಟ್ಟೆಯೊಳಗೆ ಸಾಯ್ತಾ ಇರೋ ಜೀವಕೋಶಗಳಿಗೂ ಹೀಗೇ ಬಿಚ್ಚಿ ಹೊಲಿದು ಕೊಡ್ತೀಯಾ?"

"ಇವಳು ದಿನಾ ಕೇಳ್ತಾಳೆ," ಅವನು ನೆಲ ನೋಡಿದ. "ಏನಾದ್ರೂ ತೋರಿಸ್ಬೇಕಲ್ಲ."

ಅತ್ತಿಗೆ ಕಣ್ಣೊರೆಸಿಕೊಂಡು ಮನೆಗೆ ಹೋದರು. ನನಗೆ ಸಿಟ್ಟಿಗೆ ಅಳುವೇ ಬಂತು. ಅವತ್ತು ಅಂಚು ಮಡಚಿದ್ದೆಲ್ಲ ಸೊಟ್ಟಗಾಯಿತು.

ಆರು ತಿಂಗಳಿಗೆ ಇಳಿದದ್ದು ಮೂರೂವರೆ ಕೆಜಿ. ಡಾಕ್ಟರಮ್ಮ ಹೊಸ ವರದಿಯನ್ನು ಎರಡು ಸಲ ಓದಿದರು. "ಇವರ ಮೈ ಮಾಡ್ತಿರೋ ಇನ್ಸುಲಿನ್ ಇನ್ನೂ ಕಮ್ಮಿ ಆಗಿದೆ. ಇಂಜೆಕ್ಷನ್ ಶುರು ಮಾಡೋಣ. ತೂಕ ಇಳಿಸೋದನ್ನ ಮಾತ್ರ ಬಿಡಬೇಡಿ."

ಅಷ್ಟು ದಿನ ತಡೆದಿಟ್ಟದ್ದೆಲ್ಲ ಅಲ್ಲೇ ನನ್ನ ಬಾಯಿಂದ ಹೊರಬಿತ್ತು. ಬನ್ನು, ಕ್ಷೌರದಂಗಡಿ, ಸೀಮೆಸುಣ್ಣ, ಒಂದನ್ನೂ ಬಿಡಲಿಲ್ಲ. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಡಾಕ್ಟರಮ್ಮ ನಾನು ಮುಗಿಸುವವರೆಗೂ ಕಾದು, ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

"ನಿಮ್ಮ ಸಕ್ಕರೆ ಯಾವಾಗ ನೋಡಿಸಿದ್ರಿ?"

"ನನಗೇನಾಗಿದೆ? ಹತ್ತು ವರ್ಷದ ಹಿಂದಿನ ಬ್ಲೌಸು ಇವತ್ತಿಗೂ ನನ್ನ ಮೈಗೆ ಸರಿಯಾಗಿ..."

ಆ ಬ್ಲೌಸಿನ ಎರಡೂ ಪಕ್ಕದ ಹೊಲಿಗೆಯನ್ನು ನಾಲ್ಕು ಸಲ ಬಿಚ್ಚಿದವಳು ನಾನೇ.

ಅಣ್ಣ ಈಗ ನಗುತ್ತಾನೆ ಅಂದುಕೊಂಡೆ. ಅವನು ನಗಲಿಲ್ಲ. ಎದ್ದು ನನ್ನ ರಟ್ಟೆ ಹಿಡಿದು, "ಬಾರೇ" ಅಂದು, ರಕ್ತ ತೆಗೆಯುವ ಕೋಣೆಗೆ ಕರೆದುಕೊಂಡು ಹೋದ.