ಹಾಲಿಲ್ಲದ ಓಟ್‌ಮೀಲ್, ಆರು ಚಮಚ

ಡಬ್ಬಿಗೆ ಎರಡೂಕಾಲು ರೂಪಾಯಿ. ದಂಡಿನ ಕ್ಯಾಂಪಿನ ಅಂಗಡಿಯವನು ಒಂದಾಣೆಯನ್ನೂ ಬಿಡಲಿಲ್ಲ. ಧಾರವಾಡದಿಂದ ಹೆಗಲ ಮೇಲೆ ಸೀರೆಗಂಟು ಹೊತ್ತು ಬಂದು ಸದಾಶಿವ ಪೇಠದಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಹೇಳಿದ ಬೆಲೆಯನ್ನು ಹಾಗೇ ಕೊಟ್ಟದ್ದು ಅದೇ ಮೊದಲು. ಮನೆಯಲ್ಲಿ ಹೆಂಡತಿ ಏನೂ ತಿನ್ನದೆ ಮಲಗಿದ್ದಳು.

ಶುರುವಾದದ್ದು ತಲೆನೋವಿನಿಂದ. ಆಮೇಲೆ ಜ್ವರ. ಐದು ದಿನ ಕಷಾಯ ಕುಡಿಸಿದೆ.

ಟೈಫಾಯ್ಡ್.

ಮೂರು ವಾರ ಥರ್ಮಾಮೀಟರ್ ನೋಡುತ್ತ ಕೂತೆ. ಜ್ವರವೇನೋ ಇಳಿಯಿತು, ಆದರೆ ಆಕೆಯ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಡಾಕ್ಟರು ಹೇಳಿದರು: ಕರುಳು ಇನ್ನೂ ನಾಜೂಕಾಗಿದೆ, ತುಪ್ಪ ಬೇಡ, ಮೊಸರು ಬೇಡ, ಹಾಲಿನಲ್ಲಿ ಬೇಯಿಸಿದ ಓಟ್‌ಮೀಲ್ ಕೊಡಿ, ಈಗ ಹೊಟ್ಟೆಗೆ ಬೀಳದಿದ್ದರೆ ಕೈಮೀರುತ್ತದೆ.

ಆಕೆ ಬಾಯಿ ತೆರೆಯಲಿಲ್ಲ.

ಚಾತುರ್ಮಾಸ್ಯದ ಮೂರನೆಯ ತಿಂಗಳು. ಕ್ಷೀರವ್ರತ, ಹಾಲು ಮುಟ್ಟುವಂತಿಲ್ಲ.

"ಜಡ್ಡಿನವರಿಗೆ ವ್ರತ ಇರೂದಿಲ್ಲ," ಎಂದೆ.

"ಅದನ್ನ ನಿಮಗ ಯಾವ ಗಿರಾಕಿ ಹೇಳಿದ್ರು?"

ಮತ್ತೆ ಡಾಕ್ಟರ ಹತ್ತಿರ ಓಡಿದೆ. ನೀರಿನಲ್ಲಿ ಬೇಯಿಸಿ, ತರಕಾರಿ ಹಾಕಬಹುದು, ಸಿಪ್ಪೆ ಬೀಜ ಬೇಡ ಎಂದರು. ಮಡಿಯುಟ್ಟು ಒಲೆ ಮುಂದೆ ಕೂತೆ. ಎಲ್ಲವನ್ನೂ ಒಟ್ಟಿಗೇ ಸುರಿದು ಕುದಿಸಿದೆ. ಅಂಟಂಟಾದ ಮುದ್ದೆಯಾಯಿತು.

ಆಕೆ ಬಟ್ಟಲೊಳಗೆ ಇಣುಕಿದಳು. "ಭಾಳ ಚಲೋ ಆಗ್ಯದ್ರಿ. ಗೋಡೆಗೆ ಕಾಗದಾ ಹಚ್ಚಲಿಕ್ಕೆ ಬರ್ತದ."

ಹೆಚ್ಚೂಕಡಿಮೆ ಒಂದು ತಿಂಗಳಲ್ಲಿ ಆಕೆಯ ಮೊದಲ ಕುಚೇಷ್ಟೆ ಅದು. ನನಗೆ ಕಣ್ಣು ತುಂಬಿತು. ಹೊಗೆ ಎಂದೆ.

ಮರುದಿನ ಮಂಡಈ ತರಕಾರಿ ಪೇಟೆಗೆ ಹೋಗಿ ಎಳೆ ಹೀರೇಕಾಯಿ, ಹೂವಿನಂಥ ಮೆಂತೆಪಲ್ಯ, ಒಂದು ಹೋಳು ಕುಂಬಳ ತಂದೆ. ಓಟ್‌ಮೀಲನ್ನು ರವೆಯಂತೆ, ತುಪ್ಪವಿಲ್ಲದೆಯೇ ಹುರಿದೆ. ತರಕಾರಿಯನ್ನು ಶುಂಠಿ ನೀರಲ್ಲಿ ಮೊದಲು ಮೆತ್ತಗೆ ಬೇಯಿಸಿ, ಅದು ಕುದಿಯುವಾಗ ಓಟ್‌ಮೀಲ್ ಉದುರಿಸಿದೆ. ಉಪ್ಪು, ಹುರಿದ ಜೀರಿಗೆ ಪುಡಿ. ಅಷ್ಟೇ.

ಆಕೆ ವಾಸನೆ ನೋಡಿದಳು. ಬಾಯಿ ಮಾತ್ರ ತೆರೆಯಲಿಲ್ಲ.

"ನಾ ಒಬ್ಬಾಕೆನ ಯಾಕ ನೇಮ ಮಾಡಬೇಕ್ರಿ? ನೀವು ಚಹಾ ಬಿಡ್ರಿ, ತಿಂಗಳು ಮುಗಿಯೂ ತನಕ. ನಾಕು ಚಮಚ ತಿಂತೀನಿ."

ದಿನಕ್ಕೆ ಆರು ಕಪ್ಪು ಚಹಾ ಕುಡಿಯುವವನು ನಾನು. "ನಾಕಕ್ಕ ಚಹಾ ಭಾಳ ತುಟ್ಟಿ ಆತು. ಎಂಟು."

"ಐದು."

"ಆರು. ನಿನಗೂ ಬ್ಯಾಡ, ನನಗೂ ಬ್ಯಾಡ."

"ಹೂಂ."

ಆರು ತಿಂದಳು. ನಾನು ಬಟ್ಟಲು ಎತ್ತಹೋದೆ. ಸೆರಗಿನಿಂದ ಬಾಯಿ ಒರೆಸಿಕೊಂಡವಳು ನನ್ನ ಮುಂಗೈ ಹಿಡಿದಳು. "ಉಳಿದದ್ದು ಏನು ಮಾಡ್ತೀರಿ? ಕೊಡ್ರಿ."

ಈಗ ಗೋಡೆ ಹಿಡಿದು ಬಾಗಿಲವರೆಗೆ ಬರುತ್ತಾಳೆ. ಕೂದಲು ಉದುರುತ್ತಿದೆ, ಬಂದೀತು ಎನ್ನುತ್ತಾರೆ ಡಾಕ್ಟರು. ಇಷ್ಟಾದದ್ದೇ ದೊಡ್ಡದು.

ನಿಮ್ಮ ಮನೆಯಲ್ಲೂ ಯಾರಾದರೂ ಮಲಗಿದ್ದರೆ ಕೇಳಿ. ಓಟ್‌ಮೀಲನ್ನು ಹುರಿಯದೆ ಒಲೆಗೆ ಹಾಕಬೇಡಿ. ತರಕಾರಿ ಅಂದಂದಿನದೇ ಇರಲಿ, ಡಾಕ್ಟರನ್ನು ಕೇಳಿಯೇ ಹಾಕಿ. ಜಡ್ಡಿನವರಿಗೆ ಉಪದೇಶ ಮಾಡಬೇಡಿ, ನಿಮ್ಮದೂ ಏನಾದರೊಂದನ್ನು ಬಿಟ್ಟು ಪಕ್ಕದಲ್ಲಿ ಕೂಡಿ. ಮತ್ತೆ, ಆರು ಚಮಚಕ್ಕೆ ಒಪ್ಪಿಸಿದರೂ ಬಟ್ಟಲು ತುಂಬ ಮಾಡಿಡಿ.