ನಿಂಬೆಹಣ್ಣು ಮತ್ತು ಡಿಸ್ಕಿನ ಬಿರುಕು

"ಚಿಕ್ಕಪ್ಪಾ, ಗಾಡಿ ತೆಗೀಬೇಡಿ," ಎಂದು ನಾನು ಅಡ್ಡ ನಿಂತಾಗ ಚಕ್ರದಡಿಗೆ ಆಗಲೇ ನಿಂಬೆಹಣ್ಣು ಇಟ್ಟಾಗಿತ್ತು. ಅವತ್ತು ಆಯುಧಪೂಜೆ. ಹಿಂದಿನ ದಿನ ಅಜ್ಜಂಪುರದ ಗ್ಯಾರೇಜ್ ಶೆಡ್ಡಿನಲ್ಲಿ ಅವರ ಕಾರಿನ ಬ್ರೇಕ್ ಪ್ಯಾಡ್ ಬದಲಿಸುವಾಗ, ಆ ಪ್ಯಾಡ್ ಒತ್ತಿ ಹಿಡಿಯುವ ಚಕ್ರದ ಡಿಸ್ಕಿನ ಮೇಲೆ ಬೆರಳಾಡಿಸಿದ್ದೆ. ಬಿರುಕಿಗೆ ಉಗುರು ಸಿಕ್ಕಿಕೊಂಡಿತ್ತು. ಒಡಕು ಡಿಸ್ಕಿಗೆ ಹೊಸ ಪ್ಯಾಡ್ ಹಾಕಿ ಏನು ಪ್ರಯೋಜನ ಎಂದು ವಾದಿಸಿದೆ.

"ಕನ್ನಡಿ ಥರ ಹೊಳೀತೈತೆ, ಅದಕ್ಕೇನಾಗೈತೆ? ಪೂಜೆ ಆದ ಗಾಡಿ ನಿಲ್ಲಿಸಬಾರ್ದು ಕಣೋ. ನಿನ್ನ ಭಾಷಣ ಕಾಲೇಜಲ್ಲಿಟ್ಕೋ," ಎಂದು ನಕ್ಕು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿಕೊಂಡು ಹೊರಟರು.

ಬುಕ್ಕಾಂಬುಧಿ ಕೆರೆ ಏರಿಯ ತಿರುವಿನಲ್ಲಿ ಡಿಸ್ಕು ಒಡೆಯಿತು; ಬ್ರೇಕ್ ಹಿಡಿಯದೆ ಕಾರು ಕೆರೆಗೆ ಉರುಳಿತು. ಸಂಜೆ ಕಾರನ್ನು ನೀರಿನಿಂದ ಮೇಲೆತ್ತಿದಾಗ ಚಿಕ್ಕಪ್ಪ ಅದರೊಳಗೇ ಇದ್ದರು.

ಚಿಕ್ಕಮ್ಮ ನನಗೆ ಹೇಳಿದ್ದು ಒಂದೇ ಮಾತು: "ನೀನೇ ಗೆದ್ದೆ ಬಿಡಪ್ಪ." ಅಂದಿನಿಂದ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಬಂದರೆ ನಾನು ಮನೆಗೆ ತರುವುದಿಲ್ಲ.