ಹೊಳೆ ನಡುವಿನ ಊರಿನ ಹೆಸರು

ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತ ಮೇಲೆ ನಾನು ಮೊದಲು ಒತ್ತಿ ನೋಡಿದ್ದು ನನ್ನ ತವರೂರಿನ ಹೆಸರನ್ನು. ಶಿವನಸಮುದ್ರ. ಎಷ್ಟು ಸಲೀಸಾಗಿ ಬಂತು! ಇದೇ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದ್ದಕ್ಕೆ ನನ್ನ ಬಾಯಿಗೆ ಏನು ಸುರಿದರು ಎಂದು ನೆನೆದರೆ ಈಗಲೂ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತೇನೆ.

ನಮ್ಮೂರು ಕಾವೇರಿಯ ನಡುವಿನ ದ್ವೀಪ. ಹೊಳೆ ಎರಡಾಗಿ ಸೀಳಿ ಎರಡು ಕಡೆ ಧುಮುಕಿ ಮತ್ತೆ ಒಂದಾಗುತ್ತದೆ, ನಡುವೆ ನಾವು. ಅಪ್ಪನಿಗೆ ದೇವಸ್ಥಾನದ ಪಕ್ಕ ಕಾಯಿ ಕರ್ಪೂರದ ಅಂಗಡಿ. ನನ್ನನ್ನು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗೆ ಕೊಟ್ಟರು. ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗ ಕೆಲವೇ ವರ್ಷ. ಊರು ಸೇರಿತ್ತು, ಜನರ ನಾಲಗೆ ಸೇರಿರಲಿಲ್ಲ.

ನಮ್ಮ ಮಾವನವರ ಪ್ರಕಾರ ನನ್ನ ತವರು ಶಿವನಸಮುದ್ರ, ಒಂದಕ್ಷರ ಆಚೀಚೆ ಆಗುವಂತಿಲ್ಲ. ಅವರ ಅಕ್ಕನ ಗಂಡ ಇದ್ದರು, ಹನೂರಿನವರು. ಅವರನ್ನು ಮನೆಯವರೆಲ್ಲ ಭಾವಯ್ಯ ಎನ್ನುತ್ತಿದ್ದರು. ಮದರಾಸಿನ ಕಾಲದಲ್ಲಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ಬಾಯಲ್ಲಿ ಅದು ಸಿವಸಮುದ್ರಂ. ಅವರು ಕೊಳ್ಳೇಗಾಲದ ಸಂತೆಗೆ ಬಂದಾಗಲೆಲ್ಲ ನಮ್ಮ ಜಗಲಿಯ ಮೇಲೆ ಇದೇ ಜಗಳ. ಆ ಹೆಸರು ಮುಗಿದರೆ ಜಲಪಾತ. ಇವರು ಭರಚುಕ್ಕಿ ಎಂದರೆ ಅವರು ಬಾರಚುಕ್ಕಿ. ಇಬ್ಬರೂ ಆ ದ್ವೀಪದಲ್ಲಿ ಒಂದು ರಾತ್ರಿ ಮಲಗಿದವರಲ್ಲ.

ಜಗಳಕ್ಕೆ ಎಲೆ ಅಡಿಕೆ ಬೇಕು, ಹೊಗೆಸೊಪ್ಪು ಬೇಕು. ಬಾಯಿ ತುಂಬ ರಸ ತುಂಬಿಕೊಂಡೇ ‘ಸಮುದ್ರ’ ಎನ್ನಬೇಕು. ‘ಮು’ ಎನ್ನುವಾಗ ರಸ ತುಟಿಯಂಚಿಗೆ ಬರುತ್ತಿತ್ತು, ‘ದ್ರ’ ಎನ್ನುವಾಗ ಎದುರಿದ್ದವರ ಪಂಚೆಗೆ ಹಾರುತ್ತಿತ್ತು. ಉಗುಳುವ ತಂಬಿಗೆಯನ್ನು ಚರಂಡಿಗೆ ಸುರಿದು ಬೂದಿ ಹಾಕಿ ಉಜ್ಜುವ ಕೆಲಸ ಸೊಸೆಯದು. ಹೆಸರಿನ ಜಗಳ ಎಂದರೆ ನನಗೆ ಆ ತಂಬಿಗೆಯ ತಳದ ಲೋಳೆ.

ನನಗೆ ಇನ್ನೊಂದು ಕಷ್ಟವಿತ್ತು. ನನ್ನ ಯಜಮಾನರ ಹೆಸರು ಶುರುವಾಗುವುದು ನಮ್ಮೂರಿನ ಹೆಸರಿನ ಮೊದಲ ಎರಡು ಅಕ್ಷರಗಳಿಂದಲೇ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದರು. ನಮ್ಮ ಅತ್ತೆ ಯಳಂದೂರಿನವರು, ಇನ್ನೂ ಒಂದು ಕೈ ಮೇಲೆ. ಹೆಸರಿನ ತುಂಡು ಎಲ್ಲಿ ಬಂದರೂ ನುಂಗಬೇಕು ಎಂದು ನಾನು ಮನೆ ತುಂಬಿದ ದಿನವೇ ಹೇಳಿದ್ದರು. ಹೀಗಾಗಿ ನನ್ನ ಬಾಯಲ್ಲಿ ಶಿವರಾತ್ರಿ ಹೋಗಿ ಜಾಗರಣೆ ಹಬ್ಬವಾಯಿತು. ನಾನು ಹುಟ್ಟಿದ ಊರು ಹೊಳೆ ನಡುವಿನ ಊರಾಯಿತು.

ಒಂದು ಸಂತೆಯ ದಿನ ಮಧ್ಯಾಹ್ನ ನಮ್ಮೂರಿನ ಮೀನು ಮಾರುವ ಹೆಂಗಸು ನಮ್ಮ ಬೀದಿಗೆ ಬಂದಳು. ಅದು ಮೀನು ಕೊಳ್ಳುವವರ ಬೀದಿಯಲ್ಲ. ಖಾಲಿ ಬುಟ್ಟಿ ಹೊತ್ತು ಮನೆ ಎದುರು ನಿಂತವಳನ್ನು ಮಾವ ಮೂಗು ಹಿಡಿದುಕೊಂಡು ಯಾರು ಎಂದು ಕೇಳಿದರು.

“ನಾನು ಸಿವ್ನಸಮುದ್ರದೋಳು ಸಾ. ನಿಮ್ಮ ಸೊಸೆಗೊಂದು ಸುದ್ದಿ ಏಳ್ಬೇಕಿತ್ತು.”

ಸುದ್ದಿ ಏನು ಎಂದು ಯಾರು ಕೇಳುತ್ತಾರೆ? ಭಾವಯ್ಯ ತಕ್ಷಣ ತೊಡೆ ತಟ್ಟಿ, ನೋಡಿದೆಯಾ, ಆ ಊರಿನವಳೇ ‘ಸಿ’ ಅಂದಳು ಎಂದರು. ಮಾವ, ‘ನ’ ಅಂದದ್ದು ಕೇಳಿಸಲಿಲ್ಲವಾ ಎಂದರು. ಅವಳು ಪಾಪ, ಇವರ ಮುಖ ಅವರ ಮುಖ ನೋಡಿ, ಕೊನೆಗೆ ಜಗಲಿಯನ್ನು ಬಿಟ್ಟು ಬಾಗಿಲ ಹಿಂದಿದ್ದ ನನಗೇ ಹೇಳಿದಳು.

“ನಿಮ್ಮವ್ವಂಗೆ ಜರ ಇಳೀತಾನೇ ಇಲ್ಲ ಕಣವ್ವ. ನೀರೂ ಒಳಕ್ಕೆ ಓಯ್ತಿಲ್ಲ. ನಿನ್ನೇ ಕೇಳ್ತಾದೆ. ಇವತ್ತೇ ಬಂದ್ಬುಡು.”

ಸೇತುವೆ ದಾಟಿ ನಮ್ಮೂರಿಗೆ ಹೋಗುವ ಬಸ್ಸು ಆ ದಿನಕ್ಕೆ ಇನ್ನು ಒಂದೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ ಎಂದು ಅವಳು ಹೋದಳು. ನಾನು ಎರಡು ಸೀರೆ ಗಂಟು ಕಟ್ಟಿಕೊಂಡು ಜಗಲಿಗೆ ಬಂದೆ. ಮಾವನ ಅಪ್ಪಣೆ ಇಲ್ಲದೆ ಹೊಸಿಲು ದಾಟುವ ಹಾಗಿರಲಿಲ್ಲ. ಅವ್ವನಿಗೆ ಜಾಸ್ತಿಯಾಗಿದೆ, ಹೋಗಿ ಬರುತ್ತೇನೆ ಎಂದೆ.

ಮಾವ ಕೆಟ್ಟವರಲ್ಲ, ಕಳಿಸುವುದಿಲ್ಲ ಎನ್ನಲಿಲ್ಲ. ಆದರೆ ಅವರ ಬಾಯಲ್ಲಿ ರಸವೂ ತಲೆಯಲ್ಲಿ ಜಗಳವೂ ಇನ್ನೂ ಇದ್ದವು.

“ಓಗವ್ವ, ಯಾರು ಬ್ಯಾಡ ಅಂದೋರು. ಎಲ್ಲಿಗೆ ಅಂತ ಒಂದ್ಸಲ ಗಟ್ಟಿಯಾಗಿ ಏಳ್ಬುಟ್ಟು ಓಗು. ಈ ಭಾವಯ್ಯನ ಕಿವಿಗೂ ಬೀಳ್ಲಿ.”

ಭಾವಯ್ಯ ಕಿವಿಗೆ ಕೈ ಇಟ್ಟುಕೊಂಡು ಮುಂದಕ್ಕೆ ಬಾಗಿದರು. ಅವರ ಗಲ್ಲದಿಂದ ಕೆಂಪು ರಸ ಇಳಿಯುತ್ತಿತ್ತು. ನನ್ನ ಅವ್ವ ಅಲ್ಲಿ ಗುಟುಕು ನೀರಿಗೆ ಒದ್ದಾಡುತ್ತಿದ್ದಾಳೆ, ಇವರಿಗೆ ಇದು ಚೌಕಾಬಾರದ ಆಟ. ಹೊಳೆ ನಡುವಿನ ಊರಿಗೆ ಎಂದೆ. ಅದು ಊರಿನ ಹೆಸರಲ್ಲ ಎಂದು ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಅವರು ಒಪ್ಪಿಕೊಂಡ ಮೊದಲ ಮಾತು ಅದೇ ಇರಬೇಕು.

ಒಳಗಿನಿಂದ ಅತ್ತೆಯ ದನಿ ಬಂತು. “ಅಂದ್ಬುಟ್ಟೀಯೆ ಮತ್ತೆ. ನನ್ನ ಮಗ ಒಬ್ನೇ ಇರೋದು.”

ಆ ಮಗ ಒಳಗೇ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಎಲ್ಲ ಕೇಳಿಸುತ್ತಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತಲೇ ಇತ್ತು. ಆ ಸದ್ದಿನ ಮೇಲೂ ನನಗೆ ಹೇಸಿಗೆ ಬಂತು.

ನಾನು ಗಂಟನ್ನು ಕಂಕುಳಿಗೆ ಇಟ್ಟುಕೊಂಡೆ.

“ಸಿವ್ನಸಮುದ್ರಕ್ಕೆ ಓಯ್ತಾವ್ನಿ” ಎಂದೆ. ಬೀದಿಗೆಲ್ಲ ಕೇಳಿಸುವ ಹಾಗೆ.

ಮಗ್ಗ ನಿಂತಿತು. ಅತ್ತೆ ಎದೆ ಬಡಿದುಕೊಂಡು ಹಿತ್ತಿಲಿಗೆ ಓಡಿದರು. ಇತ್ತ ಜಗಲಿಯ ಮೇಲೆ ಇಬ್ಬರೂ ತಾವೇ ಗೆದ್ದೆವೆಂದು ಮತ್ತೆ ಶುರು ಮಾಡಿದರು. ಅತ್ತೆ ಬರುವಾಗ ಅವರ ಕೈಯಲ್ಲಿ ಲೋಟವಿತ್ತು. ಅದರಲ್ಲಿ ಹಸುವಿನ ಗಂಜಲ, ಆಗ ತಾನೇ ಹಿಡಿದದ್ದು, ಇನ್ನೂ ಬಿಸಿ, ನೊರೆ ಬೇರೆ. ಬಾಯಿ ಮುಕ್ಕಳಿಸದೆ ಹೊಸಿಲು ದಾಟಕೂಡದು ಎಂದು ಅಡ್ಡ ನಿಂತರು. ಆಗ ಒಳಗಿನಿಂದ ನನ್ನ ಯಜಮಾನರು ಹೇಳಿದರು:

“ನಾನಿನ್ನೂ ಇವ್ನಿ ಕಣವ್ವ. ಓಗ್ಲಿ ಬುಡು.”

ಅತ್ತೆ ಬಿಡಲಿಲ್ಲ. ಲೋಟವನ್ನು ನನ್ನ ತುಟಿಗೆ ಒತ್ತಿ ಸುರಿದೇ ಸುರಿದರು. ಉಪ್ಪು, ಕಹಿ, ಕೊಟ್ಟಿಗೆಯ ಘಾಟು ಮೂಗಿಗೆ ಏರಿತು. ನಾನು ನುಂಗಲಿಲ್ಲ. ಮೆಟ್ಟಿಲ ಮೇಲೆ ಅವರಿಬ್ಬರ ಕೆಂಪು ಕಲೆಗಳ ನಡುವೆ ಉಗಿದು ಓಡಿದೆ. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ: ನನ್ನ ಯಜಮಾನರು ಎಂಬತ್ತು ದಾಟಿ ಬದುಕಿದರು.

ಬಸ್ಸು ಹೊರಟು ನಿಂತಿತ್ತು. ಮೀನಿನವಳು ತನ್ನ ಬುಟ್ಟಿಯನ್ನು ಬಾಗಿಲ ಮೆಟ್ಟಿಲ ಮೇಲೆ ಇಟ್ಟು, ತೆಗೆಯುವುದಿಲ್ಲ ಎಂದು ಕಂಡಕ್ಟರನ ಜೊತೆ ಗುದ್ದಾಡುತ್ತಿದ್ದಳು. ಒಳಗಿನವರೆಲ್ಲ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ನಾನು ಹತ್ತಿದ ಮೇಲೆ ಬುಟ್ಟಿ ಒಳಕ್ಕೆ ಬಂತು. ಸತ್ತೇಗಾಲ ದಾಟುವವರೆಗೂ ನಾನು ಕಿಟಕಿಯಿಂದ ಉಗುಳುತ್ತಲೇ ಇದ್ದೆ. ಅವಳ ಮೀನಿನ ವಾಸನೆ ನನಗೆ ಗೊತ್ತಾಗಲೇ ಇಲ್ಲ.

ಅವ್ವನಿಗೆ ಇನ್ನೂ ಪ್ರಜ್ಞೆ ಇತ್ತು. ಎಂಗವ್ವ ಬುಟ್ರು ನಿನ್ನ ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಗಂಜಲದ ವಿಷಯಕ್ಕೆ ಬಂದಾಗ ಅವಳ ಒಣಗಿದ ತುಟಿ ನಕ್ಕಿತು. ಬೆರಳಿನಿಂದ ನನ್ನ ಬಾಯಿ ಒರೆಸಿದಳು. ನನ್ನ ಕೈಯಿಂದ ಎರಡು ಗುಟುಕು ನೀರು ಇಳಿಸಿದಳು. ಮಾರನೆಯ ದಿನವೂ ನನ್ನನ್ನು ಗುರುತಿಸಿದಳು, ಅದರ ಮಾರನೆಯ ದಿನ ಗುರುತಿಸಲಿಲ್ಲ. ಅಂದು ಸಂಜೆ ಹೋದಳು. ಆ ಬಸ್ಸು ತಪ್ಪಿದ್ದರೆ ಆ ನಗು ನನಗೆ ಸಿಗುತ್ತಿರಲಿಲ್ಲ.

ತಿಥಿಗೆ ಕೊಳ್ಳೇಗಾಲದಿಂದ ಎಲ್ಲರೂ ಬಂದರು, ಭಾವಯ್ಯನೂ ಸೇರಿ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಹೊಳೆ ತುಂಬಿ ಜಲಪಾತದ ಮೊರೆತ ಅಂಗಳಕ್ಕೇ ಕೇಳುತ್ತಿತ್ತು. ಅದನ್ನು ಕೇಳಿ ಮಾವ ಭರಚುಕ್ಕಿ ಎಂದರು. ಭಾವಯ್ಯ ಬಾರ ಎಂದರು. ಸತ್ತವಳ ಮನೆಯ ಅನ್ನ ಕಲಸುತ್ತಾ, ತುಟಿಯಿಂದ ಅಗಳು ಉದುರಿಸುತ್ತಾ, ನನ್ನ ಅಣ್ಣನನ್ನು ಕರೆದು, ಇಲ್ಲಿಯವರು ನೀವು ಏನಂತೀರಪ್ಪ ಎಂದು ಕೇಳಿದರು. ಅಣ್ಣನ ತಲೆ ಬೋಳಾಗಿತ್ತು. ಅವನು ಅವರತ್ತ ಬೆನ್ನು ಮಾಡಿ ಒಳಗೆ ಹೋದ.

ನಾನು ಪಾಯಸ ಬಡಿಸುತ್ತಾ ಬಂದೆ. ಅವರಿಬ್ಬರ ಎಲೆ ದಾಟಿ ಮುಂದಕ್ಕೆ ಹೋದೆ.

“ಇಲ್ಲಿಗೆ ಬರ್ನಿಲ್ವಲ್ಲವ್ವ” ಎಂದರು ಮಾವ.

“ಊರೆಸ್ರು ತೀರ್ಮಾನ ಆಗ್ಲಿ ಮಾವ. ಆಮ್ಯಾಕೆ ತತ್ತೀನಿ.”

ಅತ್ತೆ ಬಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡು ಇಬ್ಬರಿಗೂ ಎಲೆ ತುಂಬ ಸುರಿದರು. ಅವರಿಬ್ಬರೂ ಮುಂಗೈಗೆ ಇಳಿದದ್ದನ್ನೂ ಬಿಡದೆ ಸೊರ್ ಎಂದು ನೆಕ್ಕಿದರು. ನಾನು ನೋಡುತ್ತಾ ನಿಂತೆ.

ಸಂಜೆ ಬಸ್ಸಿಗೆ ಎಲ್ಲರೂ ಹೊರಟರು. ಹೊರಡವ್ವ ಎಂದು ಮಾವ ಬಾಗಿಲಲ್ಲಿ ಕರೆದರು. ಅಪ್ಪನಿಗೂ ಅಣ್ಣನಿಗೂ ಬೇಯಿಸಿ ಹಾಕುವವರು ಯಾರೂ ಇಲ್ಲ, ದೀಪಾವಳಿ ಕಳೆದ ಮೇಲೆ ಬರುತ್ತೇನೆ ಎಂದೆ. ಬರಲಾ ಎಂದು ಕೇಳಲಿಲ್ಲ, ಇರಲಾ ಎಂದೂ ಕೇಳಲಿಲ್ಲ. ಮಾವ ನನ್ನ ಯಜಮಾನರ ಮುಖ ನೋಡಿದರು. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಬಸ್ಸು ಬರೋ ಹೊತ್ತಾಯ್ತು ನಡೀಯಪ್ಪ ಎಂದರು. ನಾನು ಒಳಗೆ ಹೋಗಿ ಅಪ್ಪನಿಗೆ ಅನ್ನಕ್ಕೆ ಎಸರು ಇಟ್ಟೆ.